ಕೈ ಸೋತವರಿಗೆ ಉಸಿರಿನ ಔಷಧ: ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನ ಅಕ್ಕನಿಗೆ 54 ವರ್ಷ. ಮದುವೆಯಾದ ಮೇಲೆ ಜರ್ಮನಿಯಲ್ಲೇ ನೆಲೆಸಿದ್ದಾಳೆ. ಒಂಬತ್ತು ವರ್ಷಗಳಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಇದೆ. ಕಾಲಿನ ಬಿಗಿತ ಮತ್ತು ರಾತ್ರಿಯ ನೋವಿಗೆ ಅಲ್ಲಿನ ವೈದ್ಯರು ಔಷಧ ರೂಪದ ಗಾಂಜಾ ಹೂವನ್ನು ಬರೆದುಕೊಟ್ಟಿದ್ದಾರೆ. ಅದನ್ನು ಸುಡದೆ ವೇಪೊರೈಜರ್‌ನಲ್ಲಿ ಬಿಸಿಮಾಡಿ ಆವಿಯನ್ನು ಮಾತ್ರ ಸೇದಬೇಕಂತೆ. ಈಗ ಅವಳ ಬೆರಳುಗಳಲ್ಲಿ ಬಲವಿಲ್ಲ, ಸಂಜೆಯಾದರೆ ಕೈ ನಡುಗುತ್ತದೆ, ಹಿಡಿದದ್ದು ಜಾರಿ ಬೀಳುತ್ತದೆ. ಇರುವ ಯಂತ್ರವನ್ನು ತೆರೆಯಲೂ ಆಗುತ್ತಿಲ್ಲ. ಅವಳಿಗೆ ಎಂಥ ಯಂತ್ರ ಅನುಕೂಲ? ಈ ಸಲ ಪುತ್ತರಿ ಹಬ್ಬಕ್ಕೆ ಊರಿಗೆ ಬಂದು ಎರಡು ತಿಂಗಳು ಇರುವವಳಿದ್ದಾಳೆ. ಔಷಧವನ್ನೂ ಯಂತ್ರವನ್ನೂ ಜೊತೆಗೆ ತರಬಹುದೇ?
– ಓದುಗರು, ಪೊನ್ನಂಪೇಟೆ

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ತಪ್ಪಿದರೆ ಆಗುವ ಹಾನಿ ದೊಡ್ಡದು. ದಯವಿಟ್ಟು ಎರಡನ್ನೂ ತರಬಾರದೆಂದು ಅವರಿಗೆ ಇವತ್ತೇ ತಿಳಿಸಿ. ಗಾಂಜಾ ಹೂವು ನಮ್ಮಲ್ಲಿ 1985ರ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಜರ್ಮನಿಯ ವೈದ್ಯರ ಚೀಟಿ ಅಲ್ಲಿ ಎಷ್ಟೇ ಸಕ್ರಮವಾಗಿದ್ದರೂ ಇಲ್ಲಿ ಅದು ಪರವಾನಗಿಯಾಗುವುದಿಲ್ಲ. ಖಾಲಿ ಯಂತ್ರವಾದರೆ ತೊಂದರೆಯಿಲ್ಲವಲ್ಲ ಎಂದು ಹಲವರು ಭಾವಿಸುತ್ತಾರೆ. ಆದರೆ 2019ರ ಎಲೆಕ್ಟ್ರಾನಿಕ್ ಸಿಗರೇಟ್ ನಿಷೇಧ ಕಾಯ್ದೆಯು ನಿಕೋಟಿನ್ ಇರಲಿ ಇಲ್ಲದಿರಲಿ, ಯಾವುದೇ ವಸ್ತುವನ್ನು ಬಿಸಿಮಾಡಿ ಸೇದಲು ಆವಿಯೆಬ್ಬಿಸುವ ವಿದ್ಯುನ್ಮಾನ ಸಾಧನವನ್ನು ತನ್ನ ವ್ಯಾಖ್ಯೆಯೊಳಗೆ ತಂದಿದೆ. ಇಲ್ಲಿನ ಔಷಧ ಕಾಯ್ದೆಯಡಿ ಪರವಾನಗಿ ಪಡೆದ ಉತ್ಪನ್ನಗಳಿಗೆ ಮಾತ್ರ ವಿನಾಯಿತಿ ಇದೆ. ಅಂಥ ಸಾಧನದ ಆಮದು, ಸಾಗಣೆ, ಮಾರಾಟ ಎಲ್ಲವೂ ನಿಷಿದ್ಧ. ಮೊದಲ ಬಾರಿಯ ತಪ್ಪಿಗೇ ಒಂದು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಬಳಸಿದ ಯಂತ್ರದೊಳಗೆ ಹೂವಿನ ಪುಡಿಯೂ ಅಂಟೂ ಉಳಿದಿರುತ್ತವೆ ಎಂಬುದನ್ನು ಮರೆಯಬಾರದು. ವಿರಾಜಪೇಟೆ ಕಡೆಯವರಿಗೆ ಕಣ್ಣೂರು ವಿಮಾನ ನಿಲ್ದಾಣ ಹತ್ತಿರವಾದ್ದರಿಂದ ಕೊಲ್ಲಿ ದೇಶಗಳ ಮೂಲಕ ಬರುವ ಯೋಚನೆ ಸಹಜವಾಗಿ ಬರುತ್ತದೆ. ಆ ದೇಶಗಳಲ್ಲೂ ಗಾಂಜಾದ ಕಾನೂನು ಬಹಳ ಕಠಿಣವಾಗಿದೆ.

ಇನ್ನೊಂದು ಮಾತನ್ನೂ ನೇರವಾಗಿ ಹೇಳಿಬಿಡುತ್ತೇನೆ. ಅವರು ಬಂದ ಮೇಲೆ ನೋವು ಹೆಚ್ಚಾದ ದಿನ, "ಇಲ್ಲೇ ಸಿಗುತ್ತದೆ, ತಂದುಕೊಡುತ್ತೇವೆ" ಎನ್ನುವವರು ಯಾರಾದರೂ ಸಿಕ್ಕಾರು. ಅದು ಅಪರಾಧ, ಜೊತೆಗೆ ಅದರಲ್ಲಿ ಅಂಶ ಎಷ್ಟಿದೆ, ಬೂಷ್ಟು ಹಿಡಿದಿದೆಯೇ, ಏನು ಬೆರೆತಿದೆ ಎಂಬುದನ್ನು ಹೇಳುವವರು ಯಾರೂ ಇರುವುದಿಲ್ಲ. ಅಲ್ಲಿ ಅಳತೆಯಿಟ್ಟು ತೆಗೆದುಕೊಳ್ಳುತ್ತಿದ್ದ ಔಷಧಕ್ಕೆ ಇದು ಬದಲಿಯಲ್ಲ.

ಹಾಗಾದರೆ ಎರಡು ತಿಂಗಳು ಏನು ಮಾಡುವುದು? ಹೊರಡುವುದಕ್ಕೆ ಕನಿಷ್ಠ ಆರೇಳು ವಾರ ಮೊದಲೇ ಅವರು ತಮ್ಮ ನರರೋಗ ತಜ್ಞರೊಂದಿಗೆ ಈ ಪ್ರವಾಸದ ಬಗ್ಗೆ ಮಾತನಾಡಬೇಕು. ದಿನವೂ ತೆಗೆದುಕೊಳ್ಳುತ್ತಿದ್ದುದನ್ನು ಥಟ್ಟನೆ ಬಿಟ್ಟರೆ ನಿದ್ರೆ ಕೆಡುವುದು, ಸಿಡುಕು, ಚಡಪಡಿಕೆ ಕಾಣಿಸಿಕೊಳ್ಳಬಹುದು. ಆದ್ದರಿಂದ ವೈದ್ಯರು ಹಂತಹಂತವಾಗಿ ಇಳಿಸಿ, ಬಿಗಿತಕ್ಕೆ ಬ್ಯಾಕ್ಲೋಫೆನ್ ಅಥವಾ ಟಿಜಾನಿಡಿನ್‌ನಂತಹ ಮಾತ್ರೆಗೆ ಬದಲಿಸಬಹುದೇ ಎಂದು ನೋಡುತ್ತಾರೆ. ಈ ಮಾತ್ರೆಗಳು ನಮ್ಮಲ್ಲೂ ವೈದ್ಯರ ಚೀಟಿಯ ಮೇಲೆ ಸಿಗುತ್ತವೆ. ಬ್ಯಾಕ್ಲೋಫೆನ್ ಆರಂಭಿಸಿದರೆ ಅದನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ ಎಂಬುದು ಮನೆಯವರಿಗೂ ತಿಳಿದಿರಲಿ. ಅವರು ಪುತ್ತರಿಯ ಕಾಲ ಆರಿಸಿಕೊಂಡದ್ದು ಒಳ್ಳೆಯದಾಯಿತು. ಮೈಬಿಸಿ ಏರಿದರೆ ಈ ಕಾಯಿಲೆಯವರ ಬಲ ತಾತ್ಕಾಲಿಕವಾಗಿ ಕುಗ್ಗುತ್ತದೆ. ಡಿಸೆಂಬರ್, ಜನವರಿಯ ನಮ್ಮ ಚಳಿ ಅವರ ಮೈಗೆ ಹಿತವಾಗಬಹುದು. ಸ್ನಾನದ ಹಂಡೆಯ ನೀರು ಮಾತ್ರ ತೀರಾ ಬಿಸಿ ಬೇಡ.

ಈಗ ಯಂತ್ರದ ವಿಚಾರ. ಅದು ಜರ್ಮನಿಯಲ್ಲಿ, ಅವರ ಮನೆಯಲ್ಲಿ ಬಳಸುವುದಕ್ಕೆ. ಅಲ್ಲಿ 2017ರ ಮಾರ್ಚ್‌ನಿಂದ ವೈದ್ಯರು ಗಾಂಜಾ ಹೂವನ್ನು ಔಷಧವಾಗಿ ಬರೆಯಲು ಕಾನೂನಿನ ಅವಕಾಶವಿದೆ, ಔಷಧ ಅಂಗಡಿಯಲ್ಲೇ ಅದು ಸಿಗುತ್ತದೆ.

ವೇಪೊರೈಜರ್ ಮಾರುವವರ ವಿವರಣೆಗಳನ್ನು ಓದಿದರೆ ಎಷ್ಟು ಸೆಕೆಂಡಿನಲ್ಲಿ ಬಿಸಿಯಾಗುತ್ತದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಬಿಸಿಗಾಳಿಯಿಂದ ಕಾಯುತ್ತದೆಯೋ ಬಿಸಿ ಗೋಡೆಯಿಂದ ಕಾಯುತ್ತದೆಯೋ ಎಂಬುದೇ ತುಂಬಿರುತ್ತದೆ. ಆದರೆ ಬಿಸಿಮಾಡುವುದು ಯಂತ್ರದ ಕೆಲಸ. ನಿಮ್ಮ ಅಕ್ಕನ ಕೈಗೆ ಬರುವ ಕೆಲಸಗಳೇ ಬೇರೆ. ಮಕ್ಕಳು ತೆರೆಯದಂತೆ ಮಾಡಿದ ಡಬ್ಬಿಯ ಮುಚ್ಚಳವನ್ನು ಒತ್ತಿ ತಿರುಗಿಸಬೇಕು, ಹೂವನ್ನು ಪುಡಿಮಾಡಬೇಕು, ಹೆಬ್ಬೆರಳಿನ ಉಗುರಿನಷ್ಟಗಲದ ಗುಳಿಯಲ್ಲಿ ಚೆಲ್ಲದಂತೆ ತುಂಬಬೇಕು, ಮುಚ್ಚಬೇಕು, ಗುಂಡಿ ಒತ್ತಬೇಕು, ಬಾಯಿಯ ಮಟ್ಟಕ್ಕೆ ಎತ್ತಿ ಕೆಲವು ನಿಮಿಷ ಹಿಡಿಯಬೇಕು, ಆಮೇಲೆ ಬಿಸಿಯಾದ ಭಾಗವನ್ನು ತೆರೆದು ಸುರಿದು ಸಣ್ಣ ಕುಂಚದಿಂದ ಉಜ್ಜಬೇಕು. ಇವುಗಳಲ್ಲಿ ಒಂದೇ ಒಂದು ಹಂತ ಕೈಗೆ ಆಗದಿದ್ದರೂ ಉಳಿದ ಎಲ್ಲವೂ ವ್ಯರ್ಥ. ಆದ್ದರಿಂದ ಒಂದು ಹಾಳೆಯಲ್ಲಿ ಈ ಹಂತಗಳನ್ನು ಬರೆದು, ಯಾವುದನ್ನು ತಾನೇ ಮಾಡಬಲ್ಲೆ, ಯಾವುದನ್ನು ಮಾಡಲಾರೆ ಎಂದು ಗುರುತು ಹಾಕಲು ಅವರಿಗೆ ಹೇಳಿ. ಅದನ್ನು ಬೆಳಿಗ್ಗೆ ಅಲ್ಲ, ಕೈ ಅತಿ ಹೆಚ್ಚು ಸೋತಿರುವ ಸಂಜೆಯ ಹೊತ್ತಿನಲ್ಲಿ ಮಾಡಬೇಕು. ಔಷಧ ಬೇಕಾಗುವುದು ಆ ಹೊತ್ತಿಗೇ ಅಲ್ಲವೇ.

ಇದನ್ನು ನಾನು ನೋವಿನಿಂದಲೇ ಕಲಿತೆ. ನನ್ನ ತಂದೆಯವರಿಗೆ ಪಾರ್ಕಿನ್ಸನ್ ಕಾಯಿಲೆ ಇದ್ದಾಗ ಅವರ ಉಬ್ಬಸಕ್ಕೆಂದು ಒಂದು ಉಪಕರಣವನ್ನು ಅಂಗಡಿಯಲ್ಲಿ ನನ್ನ ಕೈಯಿಂದಲೇ ಒತ್ತಿ, ತೆರೆದು, ಮುಚ್ಚಿ ನೋಡಿ ಕೊಂಡುತಂದೆ. ಮನೆಯಲ್ಲಿ ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು, ನುಣುಪಾದ ಆ ಸಣ್ಣ ಗುಂಡಿಯ ಮೇಲೆ ಹೆಬ್ಬೆರಳನ್ನು ನಾಲ್ಕು ಸಲ ಇಟ್ಟರು. ನಾಲ್ಕು ಸಲವೂ ಬೆರಳು ಅಂಚಿಗೆ ಜಾರಿತು. ಐದನೆಯ ಸಲ ಪ್ರಯತ್ನಿಸದೆ, "ಚೆನ್ನಾಗಿದೆ ಮಗಾ, ಎತ್ತಿಡು" ಎಂದರು. ಪುನಶ್ಚೇತನ ಚಿಕಿತ್ಸೆಯನ್ನೇ ವೃತ್ತಿಯಾಗಿ ಮಾಡುವ ನಾನು ಅವರ ಕೈಯನ್ನು ಅಂಗಡಿಗೆ ಕರೆದೊಯ್ಯದೆ ನನ್ನ ಕೈಯನ್ನು ಒಯ್ದಿದ್ದೆ.

ಗಾಂಜಾ ಔಷಧಕ್ಕೆಂದೇ ವೈದ್ಯಕೀಯ ಸಾಧನವಾಗಿ ಅಲ್ಲಿ ಪ್ರಮಾಣೀಕೃತವಾದ ಯಂತ್ರಗಳಿವೆ. ಜರ್ಮನಿಯ ಟುಟ್ಲಿಂಗೆನ್ ಊರಿನ ಸ್ಟೋರ್ಜ್ ಅಂಡ್ ಬಿಕೆಲ್ ಸಂಸ್ಥೆಯ ವೊಲ್ಕೇನೊ ಮೆಡಿಕ್ ಮತ್ತು ಮೈಟಿ ಮೆಡಿಕ್ ಅಂಥವು. ಮೊದಲನೆಯದು ಮೇಜಿನ ಮೇಲೆ ಕೂರುವ ಯಂತ್ರ. ಅದು ಗಾಳಿಯನ್ನು ಬಿಸಿಮಾಡಿ ಹೂವಿನ ಮೂಲಕ ಹಾಯಿಸಿ, ಆವಿಯನ್ನು ಒಂದು ಪಾರದರ್ಶಕ ಚೀಲದಲ್ಲಿ ತುಂಬುತ್ತದೆ. ಆಮೇಲೆ ಚೀಲವನ್ನು ಬಿಡಿಸಿ ಅದರ ಬಾಯಿತುಂಡಿನಿಂದ ಸೇದುವುದು. ತುಟಿಯಿಂದ ಬಾಯಿತುಂಡನ್ನು ಒತ್ತಿದಾಗ ಕವಾಟ ತೆರೆದುಕೊಳ್ಳುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಸೇದುವಾಗ ಬೆರಳಿಗೆ ಕೆಲಸವಿಲ್ಲ, ಚೀಲ ಹಗುರ, ಎರಡು ಅಂಗೈಗಳ ನಡುವೆ ಹಿಡಿದರೂ ಸಾಕು, ನಡುಗಿ ಕೆಳಗೆ ಬಿದ್ದರೂ ಒಡೆಯುವುದಿಲ್ಲ. ಒಂದೇ ಸಲ ಎಲ್ಲವನ್ನೂ ಸೇದಬೇಕೆಂಬ ಅವಸರವೂ ಇಲ್ಲ. ಎರಡನೆಯದು ಕೈಯಲ್ಲಿ ಹಿಡಿಯುವ, ಕಾಲು ಕಿಲೋಗೆ ಹತ್ತಿರ ತೂಗುವ ಯಂತ್ರ. ಹಿಡಿಯಲು ದಪ್ಪಗಿದ್ದು, ಕಾವು ಸಿದ್ಧವಾದಾಗ ಕೈಯಲ್ಲೇ ಕಂಪಿಸಿ ತಿಳಿಸುವುದು ಅದರ ಅನುಕೂಲ. ಆದರೆ ತುಂಬುವುದಕ್ಕೆ ಮೇಲ್ಭಾಗವನ್ನು ಕಾಲು ಸುತ್ತು ತಿರುಗಿಸಿ ತೆಗೆಯಬೇಕು. ಬೆರಳಿನ ಹಿಡಿತವೂ ಮಣಿಕಟ್ಟಿನ ತಿರುವೂ ಎರಡೂ ಸೋತವರಿಗೆ ಆ ಕಾಲು ಸುತ್ತೇ ದೊಡ್ಡ ಅಡ್ಡಿ.

ನೀವು ಬರೆದಿರುವ ಸ್ಥಿತಿಯಲ್ಲಿ ನನ್ನ ಒಲವು ಮೇಜಿನ ಯಂತ್ರದ ಕಡೆಗೆ, ಮನೆಯಲ್ಲಿ ಇನ್ನೊಬ್ಬರು ಇದ್ದಾರೆ ಎಂದಾದರೆ. ಅದರಲ್ಲೂ ಬಿಸಿಯಾದ ಗುಳಿಯನ್ನು ಕಳಚುವ, ಚೀಲವನ್ನು ಕೂರಿಸುವ ಕೆಲಸ ಇದ್ದೇ ಇದೆ. ಒಬ್ಬರೇ ಇರುವ ಹೊತ್ತು ಹೆಚ್ಚಾದರೆ ಕೈಯಂತ್ರವೇ ಮೇಲು, ಆದರೆ ತುಂಬುವ ಕೆಲಸವನ್ನು ಅವರಿಂದ ತಪ್ಪಿಸಬೇಕು. ನನ್ನ ಮಟ್ಟಿಗೆ ಇದು ಯಾವ ಯಂತ್ರ ಎಂಬುದಕ್ಕಿಂತ ಮುಖ್ಯವಾದದ್ದು. ಈ ಎರಡು ಯಂತ್ರಗಳಿಗೂ ಹೊಂದುವ, ಮುಚ್ಚಳವಿರುವ ಪುಟ್ಟ ಲೋಹದ ಕ್ಯಾಪ್ಸೂಲುಗಳು ಸಿಗುತ್ತವೆ. ಭಾವನೋ ಮಕ್ಕಳೋ ಭಾನುವಾರ ಕುಳಿತು ವಾರಕ್ಕಾಗುವಷ್ಟನ್ನು ಅಳೆದು ತುಂಬಿಟ್ಟರೆ, ಅಕ್ಕ ಒಂದನ್ನು ಗುಳಿಯೊಳಗೆ ಇಳಿಬಿಟ್ಟರೆ ಸಾಕು. ಚೆಲ್ಲುವುದೂ ಇಲ್ಲ, ಕುಂಚದಿಂದ ಉಜ್ಜುವುದೂ ಬಹಳ ಕಡಿಮೆಯಾಗುತ್ತದೆ. ಹೂವನ್ನು ಪುಡಿಮಾಡುವ ತಾಪತ್ರಯಕ್ಕೂ ದಾರಿಯಿದೆ: ಪುಡಿಮಾಡಿ, ಒಂದೊಂದು ಹೊತ್ತಿನದನ್ನು ಬೇರೆ ಬೇರೆಯಾಗಿ ತೂಗಿ ಕೊಡುವಂತೆ ವೈದ್ಯರು ಚೀಟಿಯಲ್ಲಿ ಬರೆದರೆ ಅಲ್ಲಿನ ಔಷಧ ಅಂಗಡಿಯವರು ಹಾಗೆಯೇ ಸಿದ್ಧಮಾಡಿ ಕೊಡುತ್ತಾರೆ. ಅಳತೆ ತಪ್ಪುವ ಭಯವೂ ಇದರಿಂದ ತೀರುತ್ತದೆ.

ಚಿಕ್ಕ ಅನುಕೂಲಗಳನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಯಂತ್ರದ ಅಡಿಗೆ ಒದ್ದೆ ಬಟ್ಟೆಯ ಬದಲು ರಬ್ಬರ್ ಚಾಪೆಯ ತುಂಡು ಹಾಸಿದರೆ ಒಂದು ಕೈಯಿಂದ ಒತ್ತಿದರೂ ಅದು ಓಡುವುದಿಲ್ಲ. ವಿದ್ಯುತ್ ಯಂತ್ರದ ಕೆಳಗೆ ಒದ್ದೆ ಬಟ್ಟೆ ಸಲ್ಲದು. ತಿರುಗಿಸಬೇಕಾದ ಭಾಗ ತಣ್ಣಗಿರುವಾಗ ಅಗಲವಾದ ರಬ್ಬರ್ ಬ್ಯಾಂಡನ್ನು ಎರಡು ಮೂರು ಸುತ್ತು ಸುತ್ತಿದರೆ ಅಂಗೈಯಿಂದಲೇ ತಿರುಗಿಸಬಹುದು. ಕೈಯೆತ್ತಿ ಹಿಡಿಯುವ ಬದಲು ಎರಡೂ ಮೊಣಕೈಗಳನ್ನು ಮೇಜಿನ ಮೇಲೂರಿ ಕುಳಿತರೆ ನಡುಕ ಎಷ್ಟೋ ಇಳಿಯುತ್ತದೆ. ಗುಂಡಿ ನುಣುಪಾಗಿದ್ದರೆ ಅದರ ಮೇಲೆ ಉಬ್ಬಾದ ಅಂಟುಚುಕ್ಕೆಯೊಂದನ್ನು ಹಚ್ಚಿ.

ಒಂದು ವಿಷಯಕ್ಕೆ ಮಾತ್ರ ನಾನು ತುಂಬ ಹೆದರುತ್ತೇನೆ. ಈ ಕಾಯಿಲೆಯಲ್ಲಿ ಬೆರಳ ತುದಿಯ ಸ್ಪರ್ಶಜ್ಞಾನವೂ ಮಂಕಾಗಬಹುದು. ಯಂತ್ರದೊಳಗಿನ ಕಾವು ಸಾಮಾನ್ಯವಾಗಿ 180ರಿಂದ 210 ಡಿಗ್ರಿ ಸೆಲ್ಸಿಯಸ್. ಕುದಿಯುವ ನೀರಿಗಿಂತ ಸುಮಾರು ನೂರು ಡಿಗ್ರಿ ಹೆಚ್ಚು. ಬಿಸಿಯಾದ ಲೋಹವನ್ನು ಮುಟ್ಟಿದ್ದೇ ತಿಳಿಯದೆ ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಬೀಳುವುದುಂಟು. ಆದ್ದರಿಂದ ಬಳಸಿದ ಕೂಡಲೇ ತೆರೆಯಬಾರದು. ಅರ್ಧ ಗಂಟೆ ಹಾಗೆಯೇ ಬಿಡಲಿ, ಅಥವಾ ಮರುದಿನ ಬೆಳಿಗ್ಗೆ ಕೈಯಲ್ಲಿ ಬಲವಿರುವಾಗ ಖಾಲಿಮಾಡಲಿ. ತಾನಾಗಿ ಆರುವ ವ್ಯವಸ್ಥೆ ಇಲ್ಲದ ಯಂತ್ರವನ್ನು, ಬೆಂಕಿಯಿಂದ ಕಾಯಿಸುವ ಗಾಜಿನ ಕೊಳವೆಯಂಥವನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಔಷಧ ಸೇದಿದ ಕೆಲವೇ ನಿಮಿಷಗಳಲ್ಲಿ ತಲೆ ಹಗುರಾಗುವುದು, ಎದ್ದು ನಿಂತಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲಾಗುವುದು ಸಾಧ್ಯ. ಮೊದಲೇ ಕಾಲು ಬಿಗಿದಿರುವವರು ಬಿದ್ದರೆ ಸೊಂಟದ ಮೂಳೆಗೇ ಪೆಟ್ಟು. ಶೌಚಾಲಯಕ್ಕೆ ಹೋಗಿ ಬಂದು, ಮಲಗುವ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತೇ ಸೇದಲಿ. ಯಂತ್ರ ಎಷ್ಟು ಬದಲಾಯಿಸಿದರೂ ಕೈಗೆ ಆಗುತ್ತಿಲ್ಲವೆಂದಾದರೆ ಸೇದುವ ದಾರಿಯನ್ನೇ ಬಿಡಬಹುದು. ಈ ಕಾಯಿಲೆಯ ಬಿಗಿತಕ್ಕೆಂದೇ ಬಾಯೊಳಗೆ ಚಿಮುಕಿಸುವ ಸ್ಯಾಟಿವೆಕ್ಸ್ ಎಂಬ ಔಷಧಕ್ಕೆ ಜರ್ಮನಿಯಲ್ಲಿ 2011ರಲ್ಲಿಯೇ ಅನುಮತಿ ಸಿಕ್ಕಿದೆ. ಅದನ್ನೂ ಬೆರಳಿನಿಂದ ಒತ್ತಬೇಕು ನಿಜ, ಆದರೆ ಆ ಒಂದು ಒತ್ತನ್ನು ಪಕ್ಕದವರು ಒತ್ತಿಕೊಡಬಲ್ಲರು. ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ಅಲ್ಲಿನ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರ ಬಳಿ ಅಕ್ಕ ತಮ್ಮ ಯಂತ್ರವನ್ನೇ ಕೊಂಡೊಯ್ದು ತೋರಿಸಲಿ. ಕೈಯನ್ನು ಮುಟ್ಟಿ ನೋಡಿದವರು ಹೇಳುವುದು ನನ್ನ ಬರಹಕ್ಕಿಂತ ಸರಿಯಾಗಿರುತ್ತದೆ.

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಆಮವಾತದಿಂದ ಬೆರಳುಗಳು ಸೊಟ್ಟಗಾಗಿವೆ. ಉಬ್ಬಸವೂ ಇದೆ. ಮಳೆಗಾಲದಲ್ಲಿ ಹೆಚ್ಚು. ಇನ್‌ಹೇಲರ್ ಒತ್ತಲು ಆಗುತ್ತಿಲ್ಲ. ವಿದೇಶದಲ್ಲಿರುವ ನನ್ನ ತಮ್ಮ, ತುಳಸಿ ಮತ್ತು ನೀಲಗಿರಿ ಎಲೆಗಳನ್ನು ಹಾಕಿ ಸೇದುವ ಗಿಡಮೂಲಿಕೆ ವೇಪೊರೈಜರ್ ತರುತ್ತೇನೆ ಎನ್ನುತ್ತಾನೆ. ಅದು ಅಮ್ಮನಿಗೆ ಸುಲಭವಾಗಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಬೇಡ. ಒಳಗೆ ಹಾಕುವುದು ತುಳಸಿಯೇ ಆದರೂ ಮೇಲೆ ಹೇಳಿದ 2019ರ ಕಾನೂನು ಯಂತ್ರಕ್ಕೆ ಅನ್ವಯಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಣ ಎಲೆಯನ್ನು ಕಾಯಿಸಿ ಎಳೆದ ಗಾಳಿ ಉಬ್ಬಸದ ಶ್ವಾಸನಾಳವನ್ನು ಕೆರಳಿಸಬಹುದು, ಮತ್ತು ಇನ್‌ಹೇಲರಿನ ಔಷಧ ಮಾಡುವ ಕೆಲಸವನ್ನು ಅದು ಮಾಡುವುದಿಲ್ಲ. ತಮ್ಮನ ಪ್ರೀತಿ ದೊಡ್ಡದು. ಆ ಹಣದಲ್ಲಿ ಅಮ್ಮನಿಗೆ ನಿಜವಾಗಿ ಬೇಕಾದದ್ದನ್ನು ಕೊಡಿಸಲಿ.

ನೂಪುಟ್ಟಿನ (ಒತ್ತು ಶಾವಿಗೆಯ) ಒತ್ತನ್ನು ಒತ್ತಲಾಗದ ಕೈಗೆ ಇನ್‌ಹೇಲರ್ ಕೂಡ ಒತ್ತಲಾಗುವುದಿಲ್ಲ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಡಬ್ಬಿಯನ್ನು ಅಮುಕುವ ಬಲ ಬೇಕು, ಅಮುಕಿದ ಗಳಿಗೆಗೆ ಸರಿಯಾಗಿ ಉಸಿರೆಳೆಯಲೂಬೇಕು. ಮೊದಲು ಎರಡೂ ಕೈಗಳನ್ನು ಬಳಸಿ ನೋಡಲಿ: ಎರಡು ಹೆಬ್ಬೆರಳುಗಳು ಕೆಳಗೆ, ಎರಡು ತೋರುಬೆರಳುಗಳು ಮೇಲೆ. ಅದಕ್ಕೂ ಆಗದಿದ್ದರೆ ಕವಾಟವಿರುವ ಸ್ಪೇಸರ್ (ಇನ್‌ಹೇಲರಿಗೂ ಬಾಯಿಗೂ ನಡುವೆ ಕೂರಿಸುವ ಟೊಳ್ಳು ಕೊಳವೆ) ಜೋಡಿಸಿ, ಮನೆಯವರು ಒತ್ತಿದರೆ ಅಮ್ಮ ಐದಾರು ಸಲ ಸಾವಕಾಶವಾಗಿ ಉಸಿರಾಡಿದರೆ ಸಾಕು. ಮನೆಯವರೆಲ್ಲ ತೋಟಕ್ಕೆ ಹೋದ ಹೊತ್ತಿಗೆ ಏನು ಮಾಡುವುದು ಎಂಬುದೇ ನಿಮ್ಮ ಚಿಂತೆಯಾದರೆ, ಉಸಿರೆಳೆದಾಗ ತಾನಾಗಿಯೇ ಔಷಧ ಬಿಡುವ ಇನ್‌ಹೇಲರುಗಳೂ ಇವೆ. ನಿಮ್ಮ ವೈದ್ಯರನ್ನು ಕೇಳಿ, ಅಮ್ಮನ ಎದುರೇ ಅದರ ಮುಚ್ಚಳ ತೆರೆಯಿಸಿ ನೋಡಿ. ರೋಟಾಹೇಲರ್‌ನಂತಹ ಪುಡಿಯ ಸಾಧನದಲ್ಲಿ ಒತ್ತುವ ಕೆಲಸ ಇಲ್ಲವಾದರೂ ಪುಟ್ಟ ಕ್ಯಾಪ್ಸೂಲನ್ನು ಹೊರತೆಗೆದು, ತೂರಿಸಿ, ತಿರುಗಿಸಬೇಕು. ಸೊಟ್ಟ ಬೆರಳಿಗೆ ಅದು ಇನ್ನಷ್ಟು ಕಷ್ಟ. ಜೊತೆಗೆ ಆಷಾಢದ ನಮ್ಮ ತೇವದಲ್ಲಿ ಹೊರಗೆ ತೆಗೆದಿಟ್ಟ ಕ್ಯಾಪ್ಸೂಲ್ ಮೆತ್ತಗಾಗಿ ಪುಡಿ ಗಂಟುಕಟ್ಟುತ್ತದೆ.

ದಿನನಿತ್ಯದ ಇನ್‌ಹೇಲರಿನಲ್ಲಿ ಸ್ಟೀರಾಯ್ಡ್ ಇದ್ದರೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು. ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸದೆ ಹಾಗೆಯೇ ಒಣಗಲು ಬಿಡಬೇಕು. ಒರೆಸಿದರೆ ಒಳಗೆ ಸ್ಥಾಯಿ ವಿದ್ಯುತ್ ಹುಟ್ಟಿ ಔಷಧ ಗೋಡೆಗೆ ಅಂಟುತ್ತದೆ. ಕುದಿಯುವ ನೀರಿನ ಪಾತ್ರೆಗೆ ಕಂಬಳಿ ಹೊದ್ದು ಬಗ್ಗುವ ಅಭ್ಯಾಸ ಅಮ್ಮನಿಗೆ ಇದ್ದರೆ ದಯವಿಟ್ಟು ನಿಲ್ಲಿಸಿ. ಹಿಡಿತವಿಲ್ಲದ ಕೈಗೂ ತೊಡೆಯ ಮೇಲಿನ ಬಿಸಿನೀರಿಗೂ ಇರುವ ಅಂತರ ಬಹಳ ಕಡಿಮೆ.

ಪ್ರಶ್ನೆ: ಪಾರ್ಶ್ವವಾಯುವಿನಿಂದ ನನ್ನ ಬಲಗೈ ಕೆಲಸ ಮಾಡುತ್ತಿಲ್ಲ. ನೆಬುಲೈಸರ್ ಹಚ್ಚಿಕೊಳ್ಳಲು ಯಾವಾಗಲೂ ಮಗಳನ್ನು ಕರೆಯಬೇಕಾಗಿದೆ. ಕರೆಂಟ್ ಹೋದರೆ ಅದೂ ಇಲ್ಲ.
– ಓದುಗರು, ಭಾಗಮಂಡಲ

ಉತ್ತರ: ಬ್ಯಾಟರಿಯಿಂದ ನಡೆಯುವ, ಸಣ್ಣ ಜಾಲರಿಯ ಮೂಲಕ ಔಷಧವನ್ನು ಮಂಜಾಗಿಸುವ ಮೆಶ್ ನೆಬುಲೈಸರ್ ಕೇಳಿ ನೋಡಿ. ಅಂಗೈಯಷ್ಟಗಲ, ಸದ್ದು ಕಡಿಮೆ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ನಿಮ್ಮ ಕಡೆಗೆ ಇದೇ ಸರಿ. ನೀವು ಬಳಸುವ ಔಷಧ ಅದರಲ್ಲಿ ಹಾಕಬಹುದಾದದ್ದೇ ಎಂದು ಮೊದಲು ವೈದ್ಯರನ್ನು ಕೇಳಿ, ಮತ್ತು ಔಷಧ ಹಾಕುವ ಕಿಂಡಿ ತಿರುಗಿಸುವ ಬದಲು ಎತ್ತಿ ತೆರೆಯುವಂತಿರುವುದನ್ನು ಆರಿಸಿ. ಔಷಧದ ಪ್ಲಾಸ್ಟಿಕ್ ಕುಪ್ಪಿಯ ತಲೆಯನ್ನು ಒಂದೇ ಕೈಯಿಂದ ಮುರಿಯಲು, ಕುಪ್ಪಿಯ ಬುಡವನ್ನು ಮೇಜಿನ ಡ್ರಾಯರಿನ ಸಂದಿಗೆ ಮೆಲ್ಲಗೆ ಸಿಕ್ಕಿಸಿ, ಡ್ರಾಯರನ್ನು ಹೊಟ್ಟೆಯಿಂದ ಒತ್ತಿ ಹಿಡಿದು, ತಲೆಯನ್ನು ಎಡಗೈಯಿಂದ ತಿರುಚಿ. ಮೊದಲ ಎರಡು ದಿನ ಮಗಳು ಪಕ್ಕದಲ್ಲಿರಲಿ; ಕುಪ್ಪಿಯನ್ನು ಸಿಕ್ಕಿಸಿ ಹಿಡಿಯುವುದನ್ನು ಮೊದಲು ಖಾಲಿ ಕುಪ್ಪಿಗಳಲ್ಲೇ ಅಭ್ಯಾಸ ಮಾಡಿ.